ಪ್ಯಾರಿಸ್ ಪಾಲಾದ ಬುರುಡೆ

ನೆದರ್‌ಲ್ಯಾಂಡ್ಸ್‌ನ ಟುಲಿಪ್, ಗಾಳಿಯಂತ್ರ, ಕಾಲುವೆಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನೇರವಾಗಿ ಮಾಸ್ಟ್ರಿಕ್ಟ್‌ಗೆ ಬರುತ್ತೇನೆ. ಐಂಡ್‌ಹೋವನ್‌ನ ತಂಗಿಯ ಮನೆಯಿಂದ ರೈಲಿನಲ್ಲಿ ಗಂಟೆಯ ದಾರಿ.

ಊರಿನ ದಕ್ಷಿಣಕ್ಕೆ ಸಿಂಟ್ ಪೀಟರ್ಸ್‌ಬರ್ಗ್ ಎಂಬ ಸುಣ್ಣಕಲ್ಲಿನ ಗುಡ್ಡವಿದೆ. ಶತಮಾನಗಳ ಕಾಲ ಕಲ್ಲು ಕೊಯ್ದು ಅದರ ಹೊಟ್ಟೆಯೆಲ್ಲ ಸುರಂಗವಾಗಿದೆ. 18ನೇ ಶತಮಾನದಲ್ಲಿ ಅಲ್ಲಿ ಸಿಕ್ಕ ದೈತ್ಯ ದವಡೆಗಳನ್ನು ಕೆಲವರು ಮೊಸಳೆಯದೆಂದರು. ಡಚ್ ಅಂಗರಚನಾ ವಿಜ್ಞಾನಿ ಪೇಟ್ರುಸ್ ಕ್ಯಾಂಪರ್ ತಿಮಿಂಗಿಲ ಎಂದ. ಅಪ್ಪನ ಮಾತನ್ನು ತಳ್ಳಿಹಾಕಿ, ಇದು ಉಡದ ಬಳಗದ ಹಲ್ಲಿ ಎಂದು 1799ರಲ್ಲಿ ಹೇಳಿದವನು ಮಗ ಆಡ್ರಿಯಾನ್. 1808ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಕುವಿಯೆ ಅದನ್ನೇ ಎತ್ತಿಹಿಡಿದ. ಅಳಿದುಹೋದ ಈ ಕಡಲಹಲ್ಲಿಗೆ ಮೊಸಸಾರಸ್ ಎಂಬ ಹೆಸರು ಬಂದದ್ದು 1822ರಲ್ಲಿ.

ಇಲ್ಲಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ ಆ ಬುರುಡೆಯ ಮುಂದೆ ಬಹಳ ಹೊತ್ತು ನಿಂತೆ. ದವಡೆಯಂಚಿನ ಹಲ್ಲುಗಳು ಸರಿ, ಆದರೆ ಅಂಗುಳಿನಲ್ಲೂ ಹಿಂದಕ್ಕೆ ಬಾಗಿದ ಇನ್ನೊಂದಿಷ್ಟು ಹಲ್ಲುಗಳು! ಬಾಯಿಗೆ ಬಿದ್ದ ಬೇಟೆ ಹೊರಗೆ ಜಾರದಿರಲು. ಉಡದ ಪಟ್ಟು ಎನ್ನುತ್ತೇವಲ್ಲ, ದಾಯಾದಿಯದು ಅದಕ್ಕೂ ಒಂದು ಕೈ ಮೇಲು.

“ಅದು ಪ್ಲಾಸ್ಟರ್ ಅಚ್ಚು,” ಎಂದರು ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಸ್ವಯಂಸೇವಕಿ. “ಅಸಲಿ ಪ್ಯಾರಿಸ್‌ನಲ್ಲಿದೆ. 1794ರಲ್ಲಿ ಫ್ರೆಂಚ್ ಸೈನ್ಯ ಊರು ಗೆದ್ದಾಗ ಹೊತ್ತುಕೊಂಡು ಹೋದರು.”

“ಹುಡುಕಿ ತಂದ ಸೈನಿಕರಿಗೆ 600 ಬಾಟಲಿ ವೈನ್ ಕೊಟ್ಟರಂತಲ್ಲ?”

“ಅದು ಅವರೇ ಬರೆದುಕೊಂಡ ಕಥೆ. ಗೊಡಿಂಗ್ ಎಂಬ ಪಾದ್ರಿಯ ಬಳಿ ಇತ್ತು, ಎತ್ತಿಕೊಂಡರು, ಅಷ್ಟೆ.”

“ವಾಪಸು ಕೇಳಬಾರದೇ?”

“ಕೇಳಿದರೆ ಕೊಡುವ ಮುಖವೇ ಅದು?” ಎಂದು ನಕ್ಕು, ತೋಳು ಹಿಡಿದು ಇನ್ನೊಂದು ಕಡೆಗೆ ಕರೆದೊಯ್ದರು. ಅಲ್ಲಿದ್ದ ಪಳೆಯುಳಿಕೆಗೆ ‘ಬೇರ್’ ಎಂದು ಹೆಸರು. 1998ರಲ್ಲಿ ಸಿಮೆಂಟ್ ಕಾರ್ಖಾನೆಯ ಕಲ್ಲುಗಣಿಯಲ್ಲಿ ಸಿಕ್ಕ ಇನ್ನೊಂದು ಜಾತಿಯ ಕಡಲಹಲ್ಲಿ, ಆರೂವರೆ ಕೋಟಿ ವರ್ಷಕ್ಕೂ ಹಳೆಯದು. “ಇದು ಮೂಳೆಯೇ. ನಮ್ಮದು,” ಎಂದರು. ಆ ‘ನಮ್ಮದು’ ಎನ್ನುವಾಗ ಅವರ ಬೆನ್ನು ನೆಟ್ಟಗಾದದ್ದನ್ನು ಕಂಡೆ.

ಸುರಂಗದ ವಿಷಯ ಮಾತ್ರ ಹೇಳಲೇಬೇಕು. ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ. ಇಂಗ್ಲಿಷ್ ತಂಡ ಭರ್ತಿಯಾಯಿತೆಂದು ನನ್ನನ್ನು ಡಚ್ ತಂಡಕ್ಕೆ ಸೇರಿಸಿದರು. ಉಳಿದವರೆಲ್ಲ ನಗುವಾಗ ನಾನೂ ನಗುತ್ತಾ, ನಡುಗುತ್ತಾ ನಡೆದೆ. ಟಿಕೆಟ್ ಕೊಟ್ಟವರು ಹಣವನ್ನು ಮಾತ್ರ ಪೂರ್ತಿ ಎಣಿಸಿಕೊಂಡರು. ಮೊದಲೇ ಕಾಯ್ದಿರಿಸಿ, ಬೇಸಿಗೆಯಾದರೂ ಸ್ವೆಟರ್ ಒಯ್ಯಿರಿ. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ.

ಊರಿನ ದುಬಾರಿ ಅಂಗಡಿಬೀದಿಗಳು ನನಗೆ ರುಚಿಸಲಿಲ್ಲ, ಚೆರ್ರಿ ತುಂಬಿದ ವ್ಲಾಯ್ ಎಂಬ ಇಲ್ಲಿನ ಹಣ್ಣಿನ ಕಡುಬು ರುಚಿಸಿತು. ಪ್ಲಾಸ್ಟರ್‌ನಿಂದ ಸಮಾಧಾನವಾಗದವರು ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂಗೆ ರೈಲು ಹತ್ತಬಹುದು. ಇದೇ ಗುಡ್ಡದಲ್ಲಿ ಇನ್ನೂ ಮೊದಲೇ ಸಿಕ್ಕ ಬುರುಡೆಯನ್ನು 1784ರಲ್ಲಿ ಅವರು ದುಡ್ಡು ಕೊಟ್ಟು ಕೊಂಡಿದ್ದಾರೆ.