ಕ್ಯಾಮೆರಾ ಅಡಿಕೆ ಆರಿಸಲು ಕಲಿಯಿತು, ಹೊಸಬರು ಎಲ್ಲಿ ಕಲಿಯಬೇಕು?

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಚಾಲಿಯ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದರ, ವಿಂಗಡಣೆಯ ಉಸ್ತುವಾರಿ ನನ್ನದು. ಕ್ಯಾಮೆರಾ ಇರುವ ವಿಂಗಡಣೆ ಯಂತ್ರ ನಮ್ಮಲ್ಲಿಗೆ ಬಂದ ಮೇಲೆ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: 'ಎಷ್ಟು ಜನರನ್ನು ಮನೆಗೆ ಕಳಿಸಿದಿರಿ?' ಯಾರನ್ನೂ ಕಳಿಸಲಿಲ್ಲ. ವಯಸ್ಸಾಗಿ ಬಿಟ್ಟವರ ಜಾಗಕ್ಕೆ ಹೊಸಬರನ್ನು ಕರೆಯಲಿಲ್ಲ, ಅಷ್ಟೆ. ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲು ಯಂತ್ರಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಮೇಲಿನ ತೊಟ್ಟಿಗೆ ಸುರಿದ ಅಡಿಕೆ ನಡುಗುವ ತಟ್ಟೆಯ ಮೇಲೆ ಸಾಲುಗಟ್ಟಿ ಜಾರಿ ಬೀಳುತ್ತದೆ. ಬೀಳುವಾಗಲೇ ಎರಡೂ ಬದಿಯಿಂದ ಚಿತ್ರ ತೆಗೆದಾಗಿರುತ್ತದೆ. ಕಪ್ಪಾದದ್ದು, ಒಡೆದದ್ದು, ಸಿಪ್ಪೆ ಅಂಟಿಕೊಂಡದ್ದು ಕಂಡರೆ ಸಣ್ಣ ಮೂತಿಯಿಂದ ಗಾಳಿ ಹೊಡೆದು ಆ ಒಂದೇ ಅಡಿಕೆಯನ್ನು ಪಕ್ಕಕ್ಕೆ ಹಾರಿಸುತ್ತದೆ. ಹಳೆಯ ಯಂತ್ರಗಳಿಗೆ ಬಣ್ಣದ ಮಿತಿಯನ್ನು ಮನುಷ್ಯರೇ ನಿಗದಿ ಮಾಡಿ ಕೊಡಬೇಕಿತ್ತು. ಈಗಿನವು ಮಾದರಿ ಚಿತ್ರಗಳಿಂದ ತಾವೇ ಮಿತಿ ಕಂಡುಕೊಳ್ಳುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ನಮ್ಮೆಲ್ಲರ ಕಣ್ಣು ಸೋಲುತ್ತದೆ. ಅದಕ್ಕೆ ಆ ಬಾಧೆಯಿಲ್ಲ. ಇದನ್ನು ಒಪ್ಪದಿರುವುದು ಬರೀ ಹಟ.

ಆದರೆ ಅದು ನೋಡುವುದು ಅಡಿಕೆಯ ಹೊರಮೈಯನ್ನು ಮಾತ್ರ. ಯಂತ್ರ 'ಉತ್ತಮ' ಎಂದು ಬಿಟ್ಟ ಗುಡ್ಡೆಯಿಂದ ನಮ್ಮ ಹಿರಿಯ ಅಕ್ಕ ಒಬ್ಬರು ಒಮ್ಮೆ ಒಂದು ಅಡಿಕೆ ಎತ್ತಿಕೊಂಡು ಅಂಗೈಯಲ್ಲಿ ಎರಡು ಸಲ ಹಾರಿಸಿ ಹಿಡಿದರು. 'ಬಣ್ಣ ಸರಿ ಇದೆ ತಮ್ಮಾ, ತೂಕ ಇಲ್ಲ' ಎಂದು ಅಡಕತ್ತರಿಗೆ ಕೊಟ್ಟರು. ಒಳಗೆ ಟೊಳ್ಳು. ಬಿಳಿ ಮತ್ತು ಕಂದು ಗೆರೆಗಳು ಬಿಗಿಯಾಗಿ ಹೆಣೆದುಕೊಂಡಿರಬೇಕಾದ ಕಡೆ ಬೂಷ್ಟು ಹಿಡಿದಿತ್ತು. ಹಣ್ಣಡಿಕೆ ಅಂಗಳದಲ್ಲಿ ನಲವತ್ತು ದಿನದ ಮೇಲೂ ಒಣಗಬೇಕು. ನಡುವೆ ಅಕಾಲದ ಮಳೆ ಬಂದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿಯುತ್ತದೆ. ಬೊಗಸೆಯಲ್ಲಿ ತೆಗೆದುಕೊಂಡು ಕುಲುಕಿದರೆ ಚೆನ್ನಾಗಿ ಒಣಗಿದ ಚಾಲಿ ಕಟಕಟ ಎನ್ನುತ್ತದೆ, ಹಸಿ ಉಳಿದದ್ದರ ಸದ್ದು ಮಂದ. ಅಕ್ಕನ ಕೈ ಮತ್ತು ಕಿವಿ ಮಾಡುವ ಈ ಪರೀಕ್ಷೆಗೆ ನಮ್ಮ ಯಂತ್ರದಲ್ಲಿ ಅಂಗವೇ ಇಲ್ಲ.

ಯಂತ್ರಕ್ಕೆ ಕಲಿಸಿದ ದಿನಗಳದ್ದು ಇನ್ನೊಂದು ಕಥೆ. ಎಂಜಿನಿಯರ್ ಹುಡುಗ ಬಂದು, 'ನಿಮ್ಮ ಲೆಕ್ಕದಲ್ಲಿ ಯಾವುದು ಚಾಲಿ, ಯಾವುದು ಬಿಳೆಗೋಟು, ಬೇರೆ ಬೇರೆ ಗುಡ್ಡೆ ಮಾಡಿ ಕೊಡಿ, ಚಿತ್ರ ತೆಗೆಯುತ್ತೇನೆ' ಎಂದ. ಬಿಳೆಗೋಟು, ನಮ್ಮ ಬಾಯಲ್ಲಿ ಗೋಟು, ಎಂದರೆ ಚಾಲಿಗಿಂತ ಕೆಳಗಿನ ದರ್ಜೆ. ಅರ್ಧ ದಿನದ ಕೆಲಸ ಎಂದುಕೊಂಡಿದ್ದ, ಪಾಪ. ಅನುಭವಿಗಳಿಬ್ಬರು ಒಂದೇ ಬುಟ್ಟಿಯನ್ನು ಆರಿಸಿದರೆ ಅಂಚಿನ ಅಡಿಕೆಗಳಲ್ಲಿ ಹೊಂದಾಣಿಕೆಯೇ ಆಗಲಿಲ್ಲ. ಒಬ್ಬರ ಚಾಲಿ ಇನ್ನೊಬ್ಬರಿಗೆ ಗೋಟು. ಇದರಲ್ಲಿ ಮೋಸವೇನೂ ಇಲ್ಲ. ಮಾಲು ಕಡಿಮೆ, ಬೇಡಿಕೆ ಜೋರು ಎಂದಾಗ ಗುಜರಾತಿನ ವ್ಯಾಪಾರಿ ಸಣ್ಣ ಕಲೆಯನ್ನು ಕಂಡೂ ಕಾಣದಂತೆ ಇರುತ್ತಾನೆ. ದರ ಬಿದ್ದಾಗ ಅದೇ ಕಲೆಗೆ ಚೀಲವನ್ನೇ ವಾಪಸು ಕಳಿಸುತ್ತಾನೆ. ದರ್ಜೆಯ ಗೆರೆ ಮಾರುಕಟ್ಟೆಯ ಜೊತೆಗೆ ಆಚೀಚೆ ಸರಿಯುತ್ತಲೇ ಇರುತ್ತದೆ. ಯಂತ್ರ ಕಲಿತದ್ದು ಚಿತ್ರ ತೆಗೆದ ವಾರದ ಗೆರೆಯನ್ನು. ಅದನ್ನು ಮತ್ತೆ ಯಾವಾಗ ಸರಿಸಬೇಕು, ಎಷ್ಟು ಸರಿಸಬೇಕು ಎಂದು ಹೇಳುವವರು ವಖಾರಿಯಲ್ಲಿ ಇರಲೇಬೇಕು. ಅಡಿಕೆ ತಂದ ರೈತನಿಗೆ 'ನಿಮ್ಮದು ಇಷ್ಟು ಚೀಲ ಗೋಟಿಗೆ ಹೋಯಿತು' ಎಂದು ಮುಖ ನೋಡಿ ಹೇಳುವವರೂ ಬೇಕು. ಕಂಪ್ಯೂಟರ್ ಹಾಗೆ ಹೇಳಿತು ಎಂದರೆ ಯಾವ ರೈತನೂ ಕೇಳಿಸಿಕೊಳ್ಳುವುದಿಲ್ಲ.

ಹಾಗಾದರೆ ಅನುಭವಿಗಳ ಬೆಲೆ ಹೆಚ್ಚಿತು ಎಂದಾಯಿತು. ಮುಂದಿನ ಅನುಭವಿಗಳು ಬರುವುದು ಎಲ್ಲಿಂದ? ಮೊದಲು ಹೊಸದಾಗಿ ಬಂದವರನ್ನು ಕಣ್ಣಿಗೆ ಕಾಣುವ ಕೆಲಸಕ್ಕೆ ಕೂರಿಸುತ್ತಿದ್ದೆವು: ಒಡಕು ತೆಗೆಯುವುದು, ಕಪ್ಪು ತೆಗೆಯುವುದು. ಯಾರೂ ಪಾಠ ಹೇಳುತ್ತಿರಲಿಲ್ಲ. ಸಾವಿರಾರು ಅಡಿಕೆ ಬೆರಳ ಸಂದಿಯಲ್ಲಿ ಹಾದು ಹೋಗುವಷ್ಟರಲ್ಲಿ ತೂಕ, ಸದ್ದು, ವಾಸನೆ ತಾವಾಗಿ ಕೈಗೆ ಹತ್ತುತ್ತಿದ್ದವು. ಆ ಸುಲಭದ ಕೆಲಸವನ್ನೇ ಈಗ ಯಂತ್ರ ಮಾಡುತ್ತದೆ. ನಮ್ಮ ಮುಂದೆ ಬಂದು ಬೀಳುವುದು ಅದಕ್ಕೆ ತಿಳಿಯದ ಅನುಮಾನದ ಅಡಿಕೆ. ಹೊಸಬರು ಮೊದಲ ದಿನವೇ ಅದರೆದುರು ಕೂತರೆ ಏನು ಮಾಡಬೇಕು? ನೆಲದ ಹತ್ತಿರದ ಮೆಟ್ಟಿಲುಗಳನ್ನು ಕಿತ್ತು ಅಟ್ಟ ಹತ್ತಿ ಎಂದಂತೆ.

ಕಚೇರಿಯ ಒಳಗೂ ಇದೇ ನಡೆಯುತ್ತಿದೆ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಅಡಿಕೆಯ ಟೆಂಡರ್ ಆನ್‌ಲೈನ್ ಆದಾಗ ವ್ಯಾಪಾರಿಗಳು ದರ ಬರೆದ ಚೀಟಿ ಜೋಡಿಸುವ ಕೆಲಸ ಹೋಯಿತು, ಯಾರೂ ಅಳಲಿಲ್ಲ. ಅದರಿಂದ ಕಲಿಯುವುದು ಹೆಚ್ಚೇನೂ ಇರಲಿಲ್ಲ. ಈಗಿನದು ಹಾಗಲ್ಲ. ಬಿ.ಕಾಂ ಮುಗಿಸಿ ಬಂದ ಹುಡುಗರು ಹೊರರಾಜ್ಯದ ವ್ಯಾಪಾರಿಗಳಿಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಲೇ ಯಾರು ಸಾಲ ತೀರಿಸುವವರು, ಯಾರು ಸತಾಯಿಸುವವರು ಎಂದು ತಿಳಿದುಕೊಳ್ಳುತ್ತಿದ್ದರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅಂಥ ಪತ್ರವನ್ನು ಮೊಬೈಲ್ ಕ್ಷಣದಲ್ಲಿ ಬರೆದುಕೊಡುತ್ತದೆ, ವ್ಯಾಕರಣವೂ ಹುಡುಗರದ್ದಕ್ಕಿಂತ ಚೆನ್ನಾಗಿರುತ್ತದೆ. ಆದರೆ ಸತಾಯಿಸುವವನ ಪರಿಚಯ ಯಾರಿಗೂ ಆಗುವುದಿಲ್ಲ.

ಅಂತರರಾಷ್ಟ್ರೀಯ ಹಣಕಾಸು ನಿಧಿ 2024ರ ಜನವರಿಯಲ್ಲಿ ಒಂದು ಅಂದಾಜು ಕೊಟ್ಟಿತ್ತು. ಜಗತ್ತಿನ ಸುಮಾರು ಶೇ. 40ರಷ್ಟು ಉದ್ಯೋಗಗಳಿಗೆ ಕೃತಕ ಬುದ್ಧಿಮತ್ತೆಯ ಬಿಸಿ ತಟ್ಟಬಹುದು, ಮುಂದುವರಿದ ದೇಶಗಳಲ್ಲಿ ಈ ಪ್ರಮಾಣ ಶೇ. 60ರ ಹತ್ತಿರ ಎಂದು. ಕುರ್ಚಿಯ ಕೆಲಸ ಹೆಚ್ಚಿರುವಲ್ಲಿ ಬಿಸಿಯೂ ಹೆಚ್ಚು. ನಮ್ಮ ಘಟ್ಟದ ಮೇಲಿನ ಮನೆಗಳವರು ಇದನ್ನು ಓದಬೇಕು. 'ಅಡಿಕೆ ಸುಲಿದು ಬದುಕುವ ಕಷ್ಟ ನಮ್ಮ ತಲೆಗೇ ಸಾಕು' ಎಂದು ಮಕ್ಕಳನ್ನು ಬೆಂಗಳೂರಿಗೆ ಕಳಿಸಿದವರು ಅವರು. ಸುಲಿಯಲು ಯಂತ್ರ ಬಂತು, ಮೆಟ್ಟುಗತ್ತಿ ಅಟ್ಟ ಸೇರಿತು, ನಿಜ. ಆದರೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೊನೆಗೌಡರ ಕೆಲಸಕ್ಕೆ ಇನ್ನೂ ಸರಿಯಾದ ಪರ್ಯಾಯವಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಕೊಯ್ಯುವ ಉದ್ದ ಕೋಲು, ನೆಲದಿಂದಲೇ ಕೊನೆ ಇಳಿಸುತ್ತದೆ. ಆದರೆ ಅದನ್ನು ಹಿಡಿಯಲೂ ಕತ್ತಿನ, ತೋಳಿನ ಪಳಗಿಕೆ ಬೇಕು. ಕೊನೆಗೌಡರಿಗೆ ಕೊಯ್ಲಿನ ಹಂಗಾಮಿನಲ್ಲಿ ಇರುವ ಮರ್ಯಾದೆ ಕೋಡ್ ಬರೆಯುವ ಹುಡುಗರಿಗೆ ಮುಂದೆ ಇರುತ್ತದೋ ಇಲ್ಲವೋ. ಮಕ್ಕಳೆಲ್ಲ ಮರ ಹತ್ತಲಿ ಎನ್ನುತ್ತಿಲ್ಲ, ನಾನೇ ಹತ್ತುವವನಲ್ಲ. ಭದ್ರ ಕೆಲಸ ಯಾವುದು ಎಂಬ ನಮ್ಮ ಹಳೆಯ ಅಂದಾಜು ತಲೆಕೆಳಗಾಗುತ್ತಿದೆ, ಅದನ್ನು ಹೇಳಿದೆ.

ವಖಾರಿಯಲ್ಲಿ ನಾವು ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ವಾರದಲ್ಲಿ ಕೆಲವು ಚೀಲಗಳನ್ನು ಯಂತ್ರಕ್ಕೆ ಹಾಕದೆ ಬೇರೆ ಇಡುತ್ತೇವೆ. ಹೊಸದಾಗಿ ಸೇರಿಸಿಕೊಂಡವರು ಹಿರಿಯ ಅಕ್ಕಂದಿರ ಪಕ್ಕದಲ್ಲಿ ಕೂತು ಅದನ್ನು ಕೈಯಲ್ಲೇ ಆರಿಸುತ್ತಾರೆ. ಆಮೇಲೆ ಅದೇ ಅಡಿಕೆಯನ್ನು ಯಂತ್ರಕ್ಕೆ ಸುರಿದು, ಎಲ್ಲಿ ಅಭಿಪ್ರಾಯ ಬೇರೆಯಾಯಿತೋ ಅಷ್ಟನ್ನು ಅಡಕತ್ತರಿಯಲ್ಲಿ ಕತ್ತರಿಸಿ ನೋಡುತ್ತೇವೆ. ಕೆಲವೊಮ್ಮೆ ಯಂತ್ರ ಗೆಲ್ಲುತ್ತದೆ, ಅಕ್ಕಂದಿರು ನಗುತ್ತಾರೆ.

ಮಾಲೀಕರಿಗೆ ಇದು ದಂಡದ ಖರ್ಚು. ಯಂತ್ರ ಇರುವಾಗ ಕೂಲಿ ಯಾಕೆ ಎಂದು ಪ್ರತಿ ತಿಂಗಳ ಕೊನೆಗೂ ಕೇಳುತ್ತಾರೆ. ವಾಪಸು ಬಂದ ಚೀಲಗಳ ಸಾಗಣೆ ಬಾಡಿಗೆಯ ರಸೀದಿಗಳನ್ನು ಮುಂದಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಮೊನ್ನೆ ಲೆಕ್ಕ ಬರೆಯುವವರು ಬಂದು, ಈ ಕೂಲಿಯನ್ನು ತರಬೇತಿಯ ಖಾತೆಗೆ ಹಾಕಬೇಕೋ ವಿಂಗಡಣೆಯ ಖಾತೆಗೋ ಎಂದು ಕೇಳಿದರು. ತರಬೇತಿ ಎಂದು ಬರೆದರೆ ಮುಂದಿನ ವರ್ಷ ಮೊದಲು ಕತ್ತರಿ ಬೀಳುವುದು ಅದಕ್ಕೇ. ವಿಂಗಡಣೆಗೇ ಬರೆಯಿರಿ ಎಂದೆ.