ಮೆಲ್ಬರ್ನಿನ ಹಿತ್ತಲಿಗೆ ಕೊಡಗಿನ ತೊಟ್ಟಿಲು ಗುಂಡಿ

ಬೆಳಿಗ್ಗೆ ಏಳು ಗಂಟೆ ಆಗುವುದೇ ತಡ, ನನ್ನ ಮಗಳು ಹಿತ್ತಲಿಗೆ ಓಡುತ್ತಾಳೆ. ಅವಳಿಗೆ ಆರು ವರ್ಷ. ಅವಳ ಹಿಂದೆಯೇ ಮೂರು ವರ್ಷದ ತಮ್ಮ. ಜನವರಿಯಲ್ಲಿ ಇಲ್ಲಿ ನಡು ಬೇಸಿಗೆ. ಸಿಹಿಗುಂಬಳದ ಹೂವು ಬೆಳಗಿನ ಹೊತ್ತು ಅರಳಿ, ಬಿಸಿಲೇರುತ್ತಿದ್ದಂತೆ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಗಂಡು ಹೂವು ಕಿತ್ತು, ದಳ ಸುಲಿದು, ಹೆಣ್ಣು ಹೂವಿನೊಳಗೆ ಮೆಲ್ಲಗೆ ತಾಗಿಸಬೇಕು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಅದನ್ನು ನೋಡಿ ಗುರುತು ಹಿಡಿಯಬೇಕು. ಚಿಕ್ಕವನಿಗೆ ಅದಿನ್ನೂ ಗೊತ್ತಾಗುವುದಿಲ್ಲ. ಕಳೆದ ವಾರ ಎರಡು ಹೆಣ್ಣು ಹೂವು ಕಿತ್ತು, ಖುಷಿಯಿಂದ ನನ್ನ ಕೈಗೆ ತಂದುಕೊಟ್ಟ. ಅಕ್ಕ ಅರ್ಧ ಗಂಟೆ ಅತ್ತಳು.

ಸಂಜೆ ಏಳಕ್ಕೆ ಊರಿಗೆ ಫೋನು. ಈಗ ನಾವು ನಿಮಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಅವ್ವ ಊಟ ಮುಗಿಸಿ, ಕಣದಲ್ಲಿ ಕಾಫಿ ಕೆದಕಿ ಬಂದು ಕೂತಿರುತ್ತಾಳೆ. "ಅಜ್ಜಿ, ತಮ್ಮ ಹೂವು ಕಿತ್ತ!" ಅಂತ ದೂರು ಹೋಗುತ್ತದೆ. "ಇರಲಿ ಮಗಾ, ನಾಳೆ ಇನ್ನೊಂದು ಅರಳುತ್ತೆ" ಅಂತ ಸಮಾಧಾನ ಬರುತ್ತದೆ.

ನಮ್ಮ ಮನೆ ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಹಿತ್ತಲಲ್ಲಿ ಏನಿರಲಿಲ್ಲ ಹೇಳಿ! ಬಸಳೆ ಚಪ್ಪರ, ಸೂಜಿಮೆಣಸು, ಬಾಳೆ, ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಣ್ಣೆ) ಕೆಳಗೆ ಕೆಸು. ನಾನು ಅದರ ಮಧ್ಯೆಯೇ ಬೆಳೆದೆ. ಆದರೆ ಒಂದು ಗಿಡವನ್ನೂ ನೆಟ್ಟವಳಲ್ಲ. ಅವ್ವ ಸೊಪ್ಪು ಕಿತ್ತು ತಾ ಅಂದರೆ ತಂದುಕೊಡುತ್ತಿದ್ದೆ, ಅಷ್ಟೇ. ಮಳೆ ಬರುತ್ತದೆ, ಎಲ್ಲ ತಾನಾಗಿ ಬೆಳೆಯುತ್ತದೆ ಅಂದುಕೊಂಡಿದ್ದೆ.

2018ರಲ್ಲಿ ನಾವು ಇಲ್ಲಿಗೆ ಬಂದೆವು. ಅದೇ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಜಾರಿದವು. ನಮ್ಮ ಮನೆಗೆ ಏನೂ ಆಗಲಿಲ್ಲ, ಹಿಂದಿನ ಬರೆ ಕುಸಿದು ಅರ್ಧ ಹಿತ್ತಲು ಹೋಯಿತು. ಎರಡು ದಿನ ಫೋನು ಸಿಗಲಿಲ್ಲ. ಆ ಎರಡು ದಿನ ಹೇಗೆ ಕಳೆದೆನೋ ನನಗೆ ಮಾತ್ರ ಗೊತ್ತು. ಮೂರನೇ ದಿನ ಅವ್ವನ ದನಿ ಕೇಳಿ ಅತ್ತುಬಿಟ್ಟೆ. ಮಳೆ ಬಿಟ್ಟ ಮೇಲೆ ಅವ್ವ ಅಕ್ಕಪಕ್ಕದ ಮನೆಗಳಿಂದ ಬಸಳೆ ಬಳ್ಳಿ, ಕೆಸುವಿನ ಗೆಡ್ಡೆ ತಂದು ಮತ್ತೆ ನೆಟ್ಟಳು. ನನಗೂ ಒಂದು ಹಿತ್ತಲು ಬೇಕು ಅಂತ ಅನಿಸಿದ್ದು ಆಗಲೇ.

ಆದರೆ ಇಲ್ಲಿನ ಮಣ್ಣು ಬೇರೆ. ಮೆಲ್ಬರ್ನಿನ ಪಶ್ಚಿಮ ಭಾಗದಲ್ಲಿ ನಮ್ಮ ಮನೆ. ಎಂದೋ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದ ಜೇಡಿಮಣ್ಣು ಇದು. ಚಳಿಗಾಲದಲ್ಲಿ ಬೂಟಿಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಚಿಕ್ಕವನ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಭಾಗಮಂಡಲದಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ ಅಲ್ವಾ!

ಮೊದಲ ವರ್ಷ ಅವ್ವ ಫೋನಿನಲ್ಲೇ ಹೇಳಿಕೊಟ್ಟಳು. "ಮಡಿ ಎತ್ತರಕ್ಕೆ ಏರಿಸು ಮಗಾ. ಸುತ್ತ ಚರಂಡಿ ತೆಗಿ. ಬೇರಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತೆ." ಹಾಗೇ ಮಾಡಿದೆ. ಬೀನ್ಸ್, ಸೌತೆ, ಹರಿವೆ ಹಾಕಿದೆ. ಡಿಸೆಂಬರಿನಲ್ಲಿ ಒಂದು ದಿನ ನಲವತ್ತು ಡಿಗ್ರಿ ದಾಟಿತು. ಸಂಜೆ ಹೋಗಿ ನೋಡಿದರೆ ಏರಿಸಿದ ಮಡಿ ಸುಟ್ಟ ಇಟ್ಟಿಗೆಯ ಹಾಗಿತ್ತು. ಹರಿವೆ ಒಂದು ಬಿಟ್ಟು ಎಲ್ಲ ಒಣಗಿತ್ತು.

ಅವ್ವನಿಗೆ ಹೇಳಲು ನನಗೆ ಬೇಜಾರು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅಪ್ಪ ಫೋನು ತಗೊಂಡರು. ಅಪ್ಪ ಸಾಮಾನ್ಯವಾಗಿ ಹಿತ್ತಲಿನ ವಿಷಯಕ್ಕೆ ಬರುವವರಲ್ಲ, ಅವರದ್ದೇನಿದ್ದರೂ ತೋಟ. "ಅಲ್ಲಿ ನೀರು ಓಡಿಸೋದಲ್ಲ, ಹಿಡಿಯೋದು. ತೊಟ್ಟಿಲು ಗುಂಡಿ ತೆಗಿ" ಅಂದರು.

ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಾಫಿ ಗಿಡಗಳ ಸಾಲಿನ ನಡುವೆ, ಇಳಿಜಾರಿಗೆ ಅಡ್ಡವಾಗಿ ತೆಗೆಯುವ ಉದ್ದನೆಯ ಗುಂಡಿ ಇದು. ಮಳೆಗೆ ಕೊಚ್ಚಿಬರುವ ಮೇಲ್ಮಣ್ಣು, ತರಗೆಲೆ ಅದರಲ್ಲಿ ನಿಲ್ಲುತ್ತದೆ. ನೀರು ಅಲ್ಲೇ ಇಂಗುತ್ತದೆ. ಸೊಪ್ಪು ಸದೆ ಕೊಳೆತು ಗೊಬ್ಬರವಾಗುತ್ತದೆ. ನಾನು ಚಿಕ್ಕವಳಿದ್ದಾಗ ಅವುಗಳಲ್ಲಿ ಕೂತು ಕಣ್ಣಾಮುಚ್ಚಾಲೆ ಆಡಿದ್ದೇನೆ. ಅವು ಯಾತಕ್ಕೆ ಇವೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಕೊಡಗು ಅಂದರೆ ನನ್ನ ನೆನಪಲ್ಲಿ ಬರೀ ಮಳೆ. ಫೆಬ್ರವರಿ ಮಾರ್ಚಿನ ಒಣ ದಿನಗಳೂ ಇವೆ, ಕಾಫಿ ಹೂ ಅರಳಿಸುವ ಹೂಮಳೆಗಾಗಿ ಅಪ್ಪ ಆಕಾಶ ನೋಡುತ್ತ ನಿಲ್ಲುತ್ತಿದ್ದರು ಅನ್ನುವುದನ್ನು ಮರೆತೇಬಿಟ್ಟಿದ್ದೆ.

ಮುಂದಿನ ಚಳಿಗಾಲದಲ್ಲಿ ಮನೆಯವರು ಮತ್ತು ನಾನು ಎರಡು ಗುಂಡಿ ತೆಗೆದೆವು. ಮಣ್ಣು ಸಡಿಲವಾಗಲಿ ಅಂತ ಜಿಪ್ಸಮ್ ಬೆರೆಸಿದೆವು. ಅಡುಗೆಮನೆಯ ಸಿಪ್ಪೆ, ಒಣ ಎಲೆ ತುಂಬಿದೆವು. ಮಗಳು ಆಗ ಪುಟ್ಟವಳು, ಬಕೆಟ್ಟಿನಲ್ಲಿ ಎಲೆ ತಂದು ಸುರಿಯುತ್ತಿದ್ದಳು. ಗುಂಡಿಯ ಎರಡೂ ಕಡೆ ಗಿಡ ಹಾಕಿ, ಬುಡಕ್ಕೆ ಒಣಹುಲ್ಲು ಹೊದಿಸಿದೆವು. ಊರಲ್ಲಿ ಕಾಫಿ ಬುಡಕ್ಕೆ ತರಗು ಹಾಕುವ ಹಾಗೆಯೇ. ಆ ವರ್ಷ ಸೌತೆ ಬಳ್ಳಿ ಬೇಲಿ ಹತ್ತಿತು.

ಟೊಮೆಟೊ ವಿಷಯ ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜ, ಇಟಲಿ ಮೂಲದವರು. ನವೆಂಬರಿನ ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ರೇಸು, ಊರಿಗೆಲ್ಲ ರಜೆ. ಟೊಮೆಟೊ ಸಸಿ ನೆಡುವುದು ಆ ದಿನದ ಹೊತ್ತಿಗೇ ಅನ್ನುವುದು ಹಳಬರ ಲೆಕ್ಕ. ಅದಕ್ಕೂ ಮೊದಲು ಮಣ್ಣು ತಣ್ಣಗಿರುತ್ತದೆ. ಮೊದಲ ಬೀನ್ಸ್ ಬರುವುದು ಹೆಚ್ಚುಕಡಿಮೆ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ. ಕದಿರು ತೆಗೆಯಲು ನಮಗಿಲ್ಲಿ ಗದ್ದೆಯಿಲ್ಲ. ಮಕ್ಕಳು ಬೀನ್ಸನ್ನೇ ಕೊಯ್ದು "ಪೊಲಿ ಪೊಲಿ ದೇವಾ" ಅಂತ ಕೂಗುತ್ತ ಮನೆಯೊಳಗೆ ತರುತ್ತಾರೆ. ದೇವರ ಮುಂದೆ ಇಡುತ್ತೇವೆ. ನನಗೆ ಅದು ಪೂರ್ತಿ ಹುತ್ತರಿಯೇ.

ಒಂದು ಆಸೆ ಮಾತ್ರ ಉಳಿದಿತ್ತು, ಸೂಜಿಮೆಣಸು. ಅವ್ವ ಬೀಜ ಪೊಟ್ಟಣ ಕಟ್ಟಿ ಕೊಟ್ಟಿದ್ದಳು. ಅನುಮತಿಯಿಲ್ಲದೆ ಹಾಗೆ ಬೀಜ ತರುವಂತಿಲ್ಲ, ಆಸ್ಟ್ರೇಲಿಯಾದಲ್ಲಿ ಕಾನೂನು ತುಂಬ ಬಿಗಿ. ಬೀಜದ ಜೊತೆ ರೋಗ, ಹುಳ ಬಂದರೆ ಇಲ್ಲಿನ ಬೆಳೆಗೇ ಅಪಾಯ. ಹೊರಡುವಾಗ ಪೊಟ್ಟಣ ವಾಪಸ್ ಅವ್ವನ ಕೈಯಲ್ಲಿಟ್ಟೆ. ಅವಳ ಮುಖ ನೋಡಲಾಗಲಿಲ್ಲ.

ಕೆಸು ಸಿಕ್ಕಿದ್ದು ಒಂದು ವಿಯೆಟ್ನಾಮಿ ತರಕಾರಿ ಅಂಗಡಿಯಲ್ಲಿ. ಗೆಡ್ಡೆ ತಂದು ನಲ್ಲಿಯ ಪಕ್ಕ ನೆಟ್ಟೆ. ಬೇಸಿಗೆಯಲ್ಲಿ ಮೊರದಗಲ ಎಲೆ ಬಂತು. ಮಕ್ಕಳನ್ನು ಕೂರಿಸಿಕೊಂಡು ಪತ್ರೊಡೆ ಮಾಡಿದೆ. ಹುಳಿ ಕಮ್ಮಿ ಹಾಕಿದ್ದೆ, ಬೇಯಿಸಿದ್ದೂ ಸಾಲಲಿಲ್ಲ. ಮಗಳು ಗಂಟಲು ಹಿಡಿದುಕೊಂಡು "ಅಮ್ಮಾ, ಸೂಜಿ ಸೂಜಿ!" ಅಂತ ಅತ್ತಳು. ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಸೂಜಿಯಂಥ ಹರಳುಗಳಿರುತ್ತವೆ, ಅವೇ ಚುಚ್ಚುವುದು. ಈಗ ಹುಣಸೆಹುಳಿ ಧಾರಾಳವಾಗಿ ಹಾಕಿ, ಒಂದು ಗಂಟೆ ಹಬೆಯಲ್ಲಿ ಬೇಯಿಸುತ್ತೇನೆ. ನನ್ನ ಹಾಗೆ ದೂರದಲ್ಲಿರುವವರಿಗೆ ಒಂದು ಮಾತು: ನರ್ಸರಿಯಲ್ಲಿ ಅಂದಕ್ಕೆ ಮಾರುವ ದೊಡ್ಡ ಎಲೆಯ ಗಿಡಗಳು ಕೆಸುವಿನ ಹಾಗೇ ಕಾಣುತ್ತವೆ. ದಯವಿಟ್ಟು ಅವನ್ನು ಮಕ್ಕಳಿಗೆ ತಿನ್ನಿಸಬೇಡಿ.

ಕಳೆದ ಜುಲೈಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದೆ. ಶಾಲೆಗೆ ಇನ್ನಷ್ಟು ದಿನ ರಜೆ ಹಾಕಿಸಿ, ಆಗಸ್ಟ್ 3ರ ಆಟಿ ಹದಿನೆಂಟು (ಆಟಿ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ತಿನ್ನುವ ಆಚರಣೆ) ಮುಗಿಸಿಯೇ ಹೊರಟೆವು. ಅವ್ವ ಮದ್ದುಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದಳು. ಮಗಳು ಎರಡು ಲೋಟ ಕುಡಿದಳು. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕಿರುಚಿಕೊಂಡು ಓಡಿಬಂದಳು. ಮೂತ್ರ ಕೆಂಪಾಗುತ್ತದೆ ಅಂತ ಮೊದಲೇ ಹೇಳಿಡಲು ನಾನು ಮರೆತಿದ್ದೆ. ಅವ್ವ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಮದ್ದು ಮೈಗೆ ಹತ್ತಿದೆ ಮಗಾ, ನಿನ್ನ ಅಮ್ಮಂಗೂ ಹೀಗೇ ಆಗ್ತಿತ್ತು" ಅಂದಳು. ಮಧ್ಯಾಹ್ನ ಇಬ್ಬರೂ ಅಜ್ಜನ ಜೊತೆ ಕೊಡೆ ಹಿಡಿದು ತೋಟಕ್ಕೆ ಹೋದರು. ಕಾಲಿಗೆ ಇಂಬಳ (ಜಿಗಣೆ) ಹತ್ತಿಸಿಕೊಂಡು ಬಂದರು. ಚಿಕ್ಕವನು ಹೇಳಿದ್ದು ಒಂದೇ ಸುದ್ದಿ: "ಅಜ್ಜನ ತೋಟದಲ್ಲೂ ನಮ್ಮ ಗುಂಡಿ ಇದೆ!"

ನಿನ್ನೆ ಸಂಜೆ ಅವನು ಫೋನಿನಲ್ಲಿ ಕೆಸು ತೋರಿಸು ಅಂತ ಹಟ ಹಿಡಿದ. ಅವ್ವ ಎದ್ದು ಬರೆಯ ಹತ್ತಿರ ಹೋದಳು. ಮಳೆಗಾಲದಲ್ಲಿ ಅವನ ತಲೆಗಿಂತ ಎತ್ತರ ನಿಂತಿದ್ದ ಕೆಸು ಈಗ ಇಲ್ಲ. ಬರೀ ಒಣ ಮಣ್ಣು, ನಾಲ್ಕು ಕಾಫಿ ಎಲೆ. "ಒಳಗೆ ಗೆಡ್ಡೆ ಇದೆ ಕಂದಾ. ಮಳೆ ಬರೋವರೆಗೆ ಮಲಗಿರುತ್ತೆ" ಅಂದಳು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ನಲ್ಲಿಯ ಹತ್ತಿರ ಓಡಿದ. ನಮ್ಮ ಕೆಸುವಿನ ದೊಡ್ಡ ಎಲೆಯ ಮುಂದೆ ಹಿಡಿದು, ಅಜ್ಜಿಗೆ ಕಾಣುವವರೆಗೆ ಅಲುಗಾಡದೆ ನಿಂತ.