ಕೋಹೆನ್‌ರ 'ಹಲ್ಲೆಲೂಯಾ': ಯಾವ ಚರಣ, ಯಾವ ಅಧ್ಯಾಯ

ಲಿಯೊನಾರ್ಡ್ ಕೋಹೆನ್ ಅವರ 'ಹಲ್ಲೆಲೂಯಾ' ಚರ್ಚಿಗೆಂದು ಹುಟ್ಟಿದ ಹಾಡಲ್ಲ. ಮಾಂಟ್ರಿಯಲ್‌ನ ಯೆಹೂದಿ ಮನೆತನದ ಕವಿಯೊಬ್ಬರು ಬರೆದು 1984ರ 'ವೇರಿಯಸ್ ಪೊಸಿಷನ್ಸ್' ಆಲ್ಬಮ್ಮಿನಲ್ಲಿ ಹಾಡಿದ್ದು. ಅದರಲ್ಲಿ ಕಾಮ ಇದೆ, ಸೋಲು ಇದೆ, ದೇವರ ಜೊತೆ ವಾದವೂ ಇದೆ. ಪಲ್ಲವಿಯೊಂದನ್ನೇ ಕೇಳಿ ಇದು ಸ್ತುತಿಗೀತೆ ಅಂದುಕೊಂಡು ಮದುವೆಗಳಲ್ಲಿ ಹಾಡುತ್ತಾರೆ. ಕ್ರಿಸ್‌ಮಸ್‌ಗೆ ಚರಣಗಳನ್ನೇ ತೆಗೆದು ಗೋದಲಿ, ಕುರುಬರು, ನಕ್ಷತ್ರ ತುಂಬುವುದೂ ಉಂಟು. ನನಗಿದು ಒಪ್ಪಿಗೆಯಿಲ್ಲ. ಕ್ರೈಸ್ತರಾದ ನಮಗೆ ಈ ಹಾಡಿನಲ್ಲಿ ಸಿಗುವುದೆಲ್ಲ ಅದರಲ್ಲಿರುವ ಬಿದ್ದ ಮನುಷ್ಯನಿಂದಲೇ. ಅವನನ್ನು ಹೊರಗಿಟ್ಟರೆ ಬರೀ ರಾಗ ಉಳಿಯುತ್ತದೆ.

ಯುವಜನರ ಕೂಟದಲ್ಲಿ ಇದನ್ನು ಧ್ಯಾನಕ್ಕೆ ಇಡುವವರು ಮೊದಲು ನೋಡಬೇಕಾದದ್ದು ಯಾವ ಧ್ವನಿಮುದ್ರಣ ಎಂಬುದನ್ನು. ಹೆಚ್ಚಿನವರಿಗೆ ಗೊತ್ತಿರುವುದು ಜೆಫ್ ಬಕ್ಲಿ 1994ರಲ್ಲಿ ಹಾಡಿದ್ದು. ಅದು ಜಾನ್ ಕೇಲ್ 1991ರಲ್ಲಿ ಆರಿಸಿಕೊಂಡ ಚರಣಗಳನ್ನು ಅನುಸರಿಸುತ್ತದೆ. ಕೋಹೆನ್‌ರ ಮೂಲದ ಕೊನೆಯ ಚರಣ ಅದರಲ್ಲಿ ಇಲ್ಲವೇ ಇಲ್ಲ. ಎಲ್ಲವೂ ಕೆಟ್ಟುಹೋದ ಮೇಲೂ ಹಾಡಿನ ಒಡೆಯನ ಮುಂದೆ ನಿಂತು, ನಾಲಿಗೆಯ ಮೇಲೆ ಆ ಒಂದೇ ಪದ ಇಟ್ಟುಕೊಳ್ಳುತ್ತೇನೆ ಎನ್ನುವ ಚರಣ ಅದು. ಅದಿಲ್ಲದೆ ಹಾಡು ಮುರಿದ ಪ್ರೇಮದಲ್ಲೇ ನಿಂತುಬಿಡುತ್ತದೆ. ಆದ್ದರಿಂದ 1984ರದ್ದನ್ನೇ ಹಾಕಿ. ಐದು ನಿಮಿಷದೊಳಗೆ ಮುಗಿಯುತ್ತದೆ.

ಮೊದಲ ಸಲ ಯಾವ ವಿವರಣೆಯೂ ಬೇಡ. ಸಾಹಿತ್ಯ ಎಲ್ಲರ ಕೈಯಲ್ಲಿರಲಿ, ಸುಮ್ಮನೆ ಕೇಳಲಿ. ಆಮೇಲೆ ಬೈಬಲ್ ತೆರೆಯಿರಿ. ಹಾಡಿನ ಮೊದಲ ಚರಣ ನೆನೆಯುವ ಅರಸ ದಾವೀದ ಕಿನ್ನರಿ ನುಡಿಸಿದ್ದು 1 ಸಮುವೇಲ 16ರಲ್ಲಿದೆ. ಅದನ್ನು ಬೇಗ ದಾಟಬಹುದು. ನಿಲ್ಲಬೇಕಾದದ್ದು 2 ಸಮುವೇಲ 11 ಮತ್ತು 12ರಲ್ಲಿ, ದಾವೀದ ಕರೆಸಿಕೊಂಡ ಬತ್ಷೆಬೆ, ಅವನು ಸಾಯಿಸಿದ ಅವಳ ಗಂಡ ಊರೀಯ, ಆ ಪಾಪವನ್ನು ಅವನ ಮುಖಕ್ಕೇ ಹೇಳಿದ ಪ್ರವಾದಿ ನಾತಾನ, ಇವರ ಬಳಿ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ: ಹಾಡು ಸ್ನಾನ ಮಾಡುವವಳನ್ನೇ ಮಾಳಿಗೆಯ ಮೇಲೆ ಇರಿಸುತ್ತದೆ, ವಾಕ್ಯದಲ್ಲಿ ಮಾಳಿಗೆಯ ಮೇಲೆ ಇದ್ದವನು ಅರಸ. ನೋಡಿದವನು, ಕರೆಸಿಕೊಂಡವನು ಅವನೇ. ಇದನ್ನು ಹೇಳದೆ ಬಿಟ್ಟರೆ ತಪ್ಪು ಹೆಣ್ಣಿನ ತಲೆಗೆ ಬರುತ್ತದೆ. ಅದೇ ಚರಣದಲ್ಲಿ ಕೂದಲು ಕತ್ತರಿಸುವ ಮಾತು ನ್ಯಾಯಸ್ಥಾಪಕರು 16ರಲ್ಲಿ ಕೂದಲಿನೊಂದಿಗೆ ಬಲವನ್ನೂ ಕಳೆದುಕೊಂಡ ಸಂಸೋನನದು. ಇಬ್ಬರ ಪತನವನ್ನೂ ಕವಿ ಒಬ್ಬನೇ ಮನುಷ್ಯನ ಮೈಮೇಲೆ ಹೊರಿಸಿದ್ದಾರೆ. ನಂತರ ದಾವೀದನ ಪಶ್ಚಾತ್ತಾಪದ್ದೆನ್ನುವ 51ನೇ ಕೀರ್ತನೆಯನ್ನು ಪೂರ್ತಿ ಓದಿ, ಹಾಡನ್ನು ಮತ್ತೊಮ್ಮೆ ಹಾಕಿ. ಜಜ್ಜಿಹೋದ ಮನಸ್ಸನ್ನು ದೇವರು ತಿರಸ್ಕರಿಸುವುದಿಲ್ಲ ಎಂದು ಓದಿದ ಕಿವಿಗೆ ಕೋಹೆನ್‌ರ ಮುರಿದ ಹಲ್ಲೆಲೂಯಾ ಬೇರೆಯೇ ಕೇಳಿಸುತ್ತದೆ.

ಗಿಟಾರ್ ನುಡಿಸುವವರು ಇದ್ದರೆ ಮೊದಲ ಚರಣವನ್ನು ಸಿ ಮೇಜರ್‌ನಲ್ಲಿ ನಿಧಾನವಾಗಿ ತೋರಿಸಲಿ. ಸಾಹಿತ್ಯವೇ ನಾಲ್ಕನೆಯದು, ಐದನೆಯದು ಎನ್ನುವಾಗ ಎಫ್, ಜಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು) ಬರುತ್ತವೆ. ಮೈನರ್ ಬೀಳುತ್ತದೆ ಎನ್ನುವಾಗ ಎ ಮೈನರ್, ಮೇಜರ್ ಏಳುತ್ತದೆ ಎನ್ನುವಾಗ ಮತ್ತೆ ಎಫ್. ಗೊಂದಲಗೊಂಡ ಅರಸ ಹಾಡು ಕಟ್ಟುವ ಜಾಗದಲ್ಲಿ ಇ ಸೆವೆನ್. ಅದರಲ್ಲಿರುವ ಜಿ ಶಾರ್ಪ್ ಸಿ ಮೇಜರ್‌ಗೆ ಸೇರದ ಸ್ವರ. ಸುಲಭವೆಂದು ಅಲ್ಲಿ ಇ ಮೈನರ್ ಹಿಡಿಯುವವರಿದ್ದಾರೆ, ಹಿಡಿಯಬೇಡಿ, ಅರಸನ ಗೊಂದಲವೇ ಹೊರಟುಹೋಗುತ್ತದೆ. ಪಲ್ಲವಿಯ ನಾಲ್ಕು ಹಲ್ಲೆಲೂಯಾಗಳಲ್ಲಿ ಎರಡನೆಯದು ಎ ಮೈನರ್ ಮೇಲೆ ನಿಲ್ಲುತ್ತದೆ, ನಾಲ್ಕನೆಯದಷ್ಟೇ ಸಿಗೆ ಮನೆ ಸೇರುತ್ತದೆ. ಸ್ತುತಿಯಲ್ಲೂ ನೋವಿಗೆ ಜಾಗವಿದೆ ಎಂಬುದನ್ನು ಇಲ್ಲಿ ಕಿವಿಯಿಂದಲೇ ಕಲಿಯಬಹುದು.

ಚರ್ಚೆ ಹಳಿ ತಪ್ಪುವುದು ಸಾಮಾನ್ಯವಾಗಿ ಮುಂದಾಳಿನಿಂದ. ಪ್ರತಿ ಸಾಲಿನಲ್ಲೂ ಯೇಸುವನ್ನು ಹುಡುಕಿ ತೋರಿಸಲು ಹೊರಟರೆ ಯುವಕರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಕೋಹೆನ್ ಹೇಳದ್ದನ್ನು ಅವರ ಬಾಯಿಗೆ ತುರುಕಿದಂತೆಯೂ ಆಗುತ್ತದೆ. ಅಥೇನೆಯಲ್ಲಿ ಪೌಲ ಗ್ರೀಕ್ ಕವಿಯ ಸಾಲನ್ನು ತಿದ್ದದೆ, ಕವಿಯದೆಂದೇ ಹೇಳಿ ಉಪಯೋಗಿಸಿದ (ಅಪೊಸ್ತಲರ ಕೃತ್ಯಗಳು 17:28). ನಾವೂ ಅಷ್ಟು ಮಾಡಿದರೆ ಸಾಕು. ಕೇಳಬೇಕಾದ ಪ್ರಶ್ನೆ ಒಂದೇ: ನಾತಾನ ಬಂದುಹೋದ ರಾತ್ರಿ ದಾವೀದ ಇದರಲ್ಲಿ ಯಾವ ಚರಣ ಹಾಡಬಲ್ಲವನಾಗಿದ್ದ?

ಭಾನುವಾರದ ಆರಾಧನೆಗೆ ಇದನ್ನು ತರಬೇಡಿ, ಅದಕ್ಕೆ ಕೀರ್ತನೆಗಳೇ ಇವೆ. ಕಥೋಲಿಕ ಧರ್ಮಕೇಂದ್ರಗಳಲ್ಲಿ ಬೂದಿ ಬುಧವಾರದಿಂದ ಈಸ್ಟರ್ ಜಾಗರಣೆಯವರೆಗೆ ಪೂಜೆಯಲ್ಲಿ ಅಲ್ಲೆಲೂಯಾ ಹಾಡುವುದಿಲ್ಲ. ಆ ದಿನಗಳಲ್ಲಿ ಕೂಟವಿದ್ದರೆ 51ನೇ ಕೀರ್ತನೆಯನ್ನಷ್ಟೇ ಓದಿ, ಹಾಡನ್ನು ಈಸ್ಟರ್ ಕಳೆದ ಮೇಲಿನ ಕೂಟಕ್ಕೆ ಇಟ್ಟುಕೊಳ್ಳಿ.